ಭಾವ, ಆ ಒಂದು ಸಾಲು ಬೇಡ

ಭಾವ: (ಸ್ಕ್ರೀನ್‌ಶಾಟ್) ‘ಗಿಟ್ ಕ್ಲೋನ್ ಮಾಡುವಾಗ (ಸರ್ವರ್‌ನಿಂದ ಕೋಡ್‌ನ ನಕಲು ತರುವಾಗ) ಸರ್ಟಿಫಿಕೇಟ್ ಎರರ್ ಬರುತ್ತಿದೆಯಾ? ಗಿಟ್ ಕಾನ್ಫಿಗ್ --ಗ್ಲೋಬಲ್ ಎಚ್‌ಟಿಟಿಪಿ.ಎಸ್‌ಎಸ್‌ಎಲ್‌ವೆರಿಫೈ ಫಾಲ್ಸ್ ಎಂದು ಹಾಕಿ.’
ಪುಟ್ಟಿ, ನಿನಗೇ ಇದು.

ಪುಟ್ಟಿ: ಹಾಕಿದೆ ಭಾವ, ಕ್ಲೋನ್ ಆಯಿತು! 🙏

ನಾನು: ಪುಟ್ಟಿ, ಈಗಲೇ ತೆಗೆ. ಭಾವ, ಬೇಜಾರು ಮಾಡಿಕೊಳ್ಳಬೇಡಿ. ಇದು ತಪ್ಪನ್ನು ಸರಿ ಮಾಡುವುದಿಲ್ಲ. ಎದುರಿಗಿರುವ ಸರ್ವರ್ ಯಾರದ್ದು ಎಂದು ಅದರ ಸರ್ಟಿಫಿಕೇಟಿನಿಂದ ನೋಡುವುದನ್ನೇ ಗಿಟ್ ಬಿಟ್ಟುಬಿಡುತ್ತದೆ. ಗ್ಲೋಬಲ್ ಅಂದರೆ ಅವಳ ಎಲ್ಲ ರೆಪೊಗಳಿಗೂ (ಕೋಡ್ ಸಂಗ್ರಹಗಳಿಗೂ).

ಭಾವ: ಆಫೀಸ್ ನೆಟ್‌ವರ್ಕ್ ಒಳಗೇ ಇದ್ದಾಳೆ, ಅಲ್ವಾ? ನಡುವೆ ಯಾರು ಬರುತ್ತಾರೆ? ಕೆಲಸಕ್ಕೆ ಸೇರಿ ಒಂದು ವಾರ ಆಗಿದೆ. ಮೊದಲು ಕೋಡ್ ಕೈಗೆ ಸಿಗಲಿ.

ನಾನು: ಸಂಜೆ ಅದೇ ಲ್ಯಾಪ್‌ಟಾಪ್ ಪಿಜಿಯ ವೈಫೈಗೂ ಹೋಗುತ್ತದೆ ಭಾವ. ಪುಶ್ ಮಾಡುವಾಗ, ಅಂದರೆ ಕೋಡ್ ಕಳಿಸುವಾಗ, ಪಾಸ್‌ವರ್ಡ್‌ನಂಥ ಅವಳ ಟೋಕನ್ ಹೋಗುತ್ತದೆ. ನಡುವೆ ಕೂತವನು ಯಾವ ಸರ್ಟಿಫಿಕೇಟ್ ತೋರಿಸಿದರೂ ಗಿಟ್ ಸುಮ್ನೆ ಟೋಕನ್ ಕೊಟ್ಟುಬಿಡುತ್ತದೆ. ನನಗೆ ಭಯ ಇರುವುದು ಅದಕ್ಕೇ.

ಅಣ್ಣ: ಎರರ್ ಬಂದಾಗಲೆಲ್ಲ ಕಳ್ಳ ಇರುವುದಿಲ್ಲ. 2021ರ ಸೆಪ್ಟೆಂಬರ್ 30ರಂದು ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ನೆಚ್ಚಿಕೊಂಡಿದ್ದ ಹಳೆಯ ರೂಟ್‌ನ (ಉಳಿದವಕ್ಕೆ ಆಧಾರವಾದ ಮೂಲ ಸರ್ಟಿಫಿಕೇಟಿನ) ಅವಧಿ ಮುಗಿಯಿತು. ಸರ್ಟಿಫಿಕೇಟ್ ಪರೀಕ್ಷಿಸುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ 1.0.2 ಆವೃತ್ತಿ ಇದ್ದ ಹಳೆಯ ಮೆಷಿನ್‌ಗಳಲ್ಲಿ ಎರರ್ ಬಂತು. ಸರ್ವರ್ ಸರಿಯಾಗೇ ಇತ್ತು.

ನಾನು: ನಿಜ ಅಣ್ಣ. ಆಗಲೂ ಹಳೆಯ ರೂಟ್ ತೆಗೆದು ಹೊಸದು ಇಟ್ಟರೆ ಸಾಕಿತ್ತು. ಪುಟ್ಟಿ, ಎರರ್ ಪೂರ್ತಿ ಹೇಳು. ಲಿಂಕ್ ಬ್ರೌಸರ್‌ನಲ್ಲಿ ತೆರೆಯುತ್ತದೆಯಾ?

ಪುಟ್ಟಿ: ತೆರೆಯುತ್ತದೆ. ಎರರ್: ‘ಅನೇಬಲ್ ಟು ಗೆಟ್ ಲೋಕಲ್ ಇಶ್ಯೂಯರ್ ಸರ್ಟಿಫಿಕೇಟ್’.

ನಾನು: ಅಂದರೆ ಸರ್ಟಿಫಿಕೇಟ್ ಕೊಟ್ಟವರು ಗಿಟ್‌ನ ಪಟ್ಟಿಯಲ್ಲಿ ಸಿಗುತ್ತಿಲ್ಲ. ಹಾಗಾದರೆ ಬಹುಶಃ ಆಫೀಸಿನವರು ತಮ್ಮದೇ ಸಿಎ (ಸರ್ಟಿಫಿಕೇಟ್ ಕೊಡುವವರ) ಸರ್ಟಿಫಿಕೇಟನ್ನು ವಿಂಡೋಸ್‌ನಲ್ಲಿ ಇಟ್ಟಿದ್ದಾರೆ. ಬ್ರೌಸರ್ ಅಲ್ಲಿ ನೋಡುತ್ತದೆ. ನಿನ್ನ ಗಿಟ್ ತನ್ನ ಜೊತೆ ಬಂದ ಪಟ್ಟಿಯನ್ನಷ್ಟೇ ನೋಡುತ್ತದೆ. ಆ ಸಾಲನ್ನು ಅನ್‌ಸೆಟ್ ಮಾಡು. ಆಮೇಲೆ ಎಚ್‌ಟಿಟಿಪಿ.ಎಸ್‌ಎಸ್‌ಎಲ್‌ಬ್ಯಾಕೆಂಡ್‌ಗೆ ಎಸ್‌ಚಾನೆಲ್ (ವಿಂಡೋಸ್‌ನದ್ದೇ ಪರೀಕ್ಷಿಸುವ ವ್ಯವಸ್ಥೆ) ಎಂದು ಕೊಡು. ಗಿಟ್ ಕೂಡ ವಿಂಡೋಸ್ ಪಟ್ಟಿಯನ್ನೇ ನೋಡುತ್ತದೆ.

ಪುಟ್ಟಿ: ಮಾಡಿದೆ. ಫೆಚ್ (ಹೊಸ ಕೋಡ್ ತರುವುದು) ಆಯಿತು, ಎರರ್ ಇಲ್ಲ!

ಭಾವ: ನಮ್ಮ ಟೀಮ್‌ನಲ್ಲಿ ಎಲ್ಲರದ್ದೂ ಉಬುಂಟು (ಲಿನಕ್ಸ್). ಅಲ್ಲಿ ಎಸ್‌ಚಾನೆಲ್ ಇಲ್ಲವಲ್ಲ?

ನಾನು: ಇಲ್ಲ ಭಾವ. ಐಟಿಯವರ ಹತ್ತಿರ ರೂಟ್ ಸರ್ಟಿಫಿಕೇಟ್ ಫೈಲ್ ಕೇಳಿ ಪಡೆಯಿರಿ. ಅದನ್ನು ಸಿಸ್ಟಮ್‌ಗೆ ಸೇರಿಸಿ ‘ಅಪ್‌ಡೇಟ್-ಸಿಎ-ಸರ್ಟಿಫಿಕೇಟ್ಸ್’ ಕಮಾಂಡ್ ಓಡಿಸಿ. ಹೊರಗಿನಿಂದ ಸಿಕ್ಕ ಫೈಲ್ ಮಾತ್ರ ಬೇಡ.

ಭಾವ: ಸೋಮವಾರ ಕೇಳುತ್ತೇನೆ. ಸ್ಕ್ರೀನ್‌ಶಾಟ್ ಇಲ್ಲಿಂದ ಡಿಲೀಟ್ ಮಾಡಿದೆ. ಟೀಮ್ ಗುಂಪಿಗೂ ಹಾಕಿದ್ದೆ, ಅಲ್ಲೂ ತೆಗೆಯುತ್ತೇನೆ.