ಹಳೇ ಸ್ಲೀಪಿಂಗ್ ಬ್ಯಾಗಿಗೆ ಕತ್ತರಿ ಹಾಕಬಹುದಾ?

ಹಗುರಹೆಜ್ಜೆ
ನನ್ನ ಹತ್ತಿರ ಹದಿನಾಲ್ಕು ವರ್ಷ ಹಳೆಯ ಡೌನ್ (ಹಕ್ಕಿಯ ಮೃದು ಪುಕ್ಕ ತುಂಬಿದ) ಸ್ಲೀಪಿಂಗ್ ಬ್ಯಾಗ್ ಇದೆ. ಕಾಲಿನ ಕಡೆ ಕಿರಿದಾಗುತ್ತಾ ಹೋಗುವ ಮಮ್ಮಿ ಆಕಾರದ್ದು. ಉದ್ದಕ್ಕೂ ಜಿಪ್, ತಲೆಗೆ ಹುಡ್. ಅದನ್ನು ತುರುಕುವ ಚೀಲದ ಸಮೇತ ತೂಗಿದರೆ 1,640 ಗ್ರಾಂ. ಒಳಗೆ ಪುಕ್ಕ ಇರುವುದು 650 ಗ್ರಾಂ ಅಂತ ಲೇಬಲ್ ಹೇಳುತ್ತದೆ. ಅಂದರೆ ಬೆಚ್ಚಗಿಡುವ ಪುಕ್ಕಕ್ಕಿಂತ ಬಟ್ಟೆ, ಜಿಪ್, ಲಾಡಿಗಳ ತೂಕವೇ ಜಾಸ್ತಿ! ಜಿಪ್ ಮತ್ತು ಹುಡ್ ತೆಗೆದು, ಬೆನ್ನಿನ ಕಡೆ ತೆರೆದಿರುವ ಹೊದಿಕೆ, ಅಂದರೆ ಕ್ವಿಲ್ಟ್ ಮಾಡಿಕೊಳ್ಳಬೇಕು ಅಂತಿದ್ದೇನೆ. ಮೈಯಡಿ ಸಿಕ್ಕ ಪುಕ್ಕ ಹೇಗೂ ಅಪ್ಪಚ್ಚಿಯಾಗುತ್ತದೆ. ಅಲ್ಲಿ ಬಿಸಿ ಉಳಿಸುವುದು ಮ್ಯಾಟ್ ತಾನೇ? ಹೊಲಿಗೆ ಮೆಷಿನ್ ಬಳಸಲು ಬರುತ್ತದೆ. ಪುಕ್ಕ ತುಂಬಿದ ಬಟ್ಟೆಗೆ ಮಾತ್ರ ಇದುವರೆಗೆ ಕೈ ಹಾಕಿಲ್ಲ. ಮಾಡಿದವರು ಹೇಳಿ.

ಸೂಜಿಮೊನೆ
ಖಂಡಿತ ಮಾಡಿ. ನಾನು ಮೂರು ಬ್ಯಾಗ್ ಹೀಗೆ ಬದಲಿಸಿದ್ದೇನೆ. ಆದರೆ ಕತ್ತರಿ ಹಿಡಿಯುವ ಮೊದಲು ಮೂರು ಕೆಲಸ ಇವೆ.

ಮೊದಲು ಚೀಲ ಬಿಟ್ಟು ಬ್ಯಾಗನ್ನಷ್ಟೇ ತೂಗಿ. ಬೆಲ್ಟು, ಬಕಲ್ ಇರುವ ಬಿಗಿಯುವ ಚೀಲವೇ 150-200 ಗ್ರಾಂ ಇರುತ್ತದೆ. ಅದನ್ನು ಬಿಟ್ಟರೆ ಒಂದು ಹೊಲಿಗೆಯೂ ಇಲ್ಲದೆ ಅಷ್ಟು ತೂಕ ಇಳಿಯಿತು.

ಆಮೇಲೆ ತೊಳೆಯಿರಿ. ಹದಿನಾಲ್ಕು ವರ್ಷದ ಬೆವರು, ಮೈ ಜಿಡ್ಡು ಕುಡಿದ ಪುಕ್ಕ ಉಬ್ಬುವುದಿಲ್ಲ. ಡೌನ್‌ಗೆಂದೇ ಸಿಗುವ ಸೋಪು ಬಳಸಿ. ಮಾಮೂಲಿ ಡಿಟರ್ಜೆಂಟ್ ಪುಕ್ಕದ ಸಹಜ ಎಣ್ಣೆಯನ್ನೂ ತೆಗೆದುಬಿಡುತ್ತದೆ. ನೆನೆದ ಬ್ಯಾಗನ್ನು ಒಂದು ತುದಿ ಹಿಡಿದು ಎತ್ತಬೇಡಿ. ಆ ಭಾರಕ್ಕೆ ಪುಕ್ಕವನ್ನು ಅಲ್ಲಲ್ಲೇ ಹಿಡಿದಿಡುವ ಒಳಗಿನ ಬಟ್ಟೆಯ ಗೋಡೆಗಳು ಹರಿಯುತ್ತವೆ. ಎರಡೂ ಕೈ ಕೆಳಗೆ ಕೊಟ್ಟು, ಮಗುವನ್ನು ಎತ್ತುವ ಹಾಗೆ ಎತ್ತಿ. ಒಣಗಿಸಲು ಡ್ರೈಯರ್, ಕಡಿಮೆ ಬಿಸಿ, ಜೊತೆಗೆ ಎರಡು ಮೂರು ಟೆನಿಸ್ ಚೆಂಡು. ಗಂಟುಗಳೆಲ್ಲ ಬಿಡುವವರೆಗೆ ಗಂಟೆಗಟ್ಟಲೆ ಬೇಕು. ಅರ್ಧ ಒಣಗಿದ್ದನ್ನು ಮಡಿಸಿಟ್ಟರೆ ಪುಕ್ಕ ಕೊಳೆಯುತ್ತದೆ.

ಮೂರನೆಯದು, ಬಟ್ಟೆಯನ್ನು ಎರಡೂ ಕೈಯಿಂದ ಎಳೆದು ನೋಡಿ. ಬಿಸಿಲಿಗೆ ಬಿದ್ದ ಹಳೇ ನೈಲಾನ್ ಸತ್ವ ಕಳೆದುಕೊಂಡಿರುತ್ತದೆ. ಹೊಲಿಗೆಯ ಪಕ್ಕದಲ್ಲಿ ಎಳೆ ಬಿಡುತ್ತಿದ್ದರೆ ಆ ಬ್ಯಾಗಿಗೆ ಸೂಜಿ ಹಾಕುವುದೇ ಬೇಡ.

ಹಿಮಗಾಳಿ
ನಾನು ಬೇಡ ಅನ್ನುತ್ತೇನೆ. ಬ್ಯಾಗ್ ಎಷ್ಟು ಚಳಿಗೆ ಸಾಕು ಅಂತ ಲೇಬಲ್ ಮೇಲೆ ಬರೆದ ಡಿಗ್ರಿ ಎಲ್ಲಿಂದ ಬಂತು ಅಂತ ಸ್ವಲ್ಪ ಯೋಚಿಸಿ. 2002ರಲ್ಲಿ ಯುರೋಪಿನ ಇಎನ್ 13537 ಮಾನದಂಡ ಬಂತು. 2016ರಿಂದ ಅದರ ಜಾಗದಲ್ಲಿ ಐಎಸ್‌ಒ 23537 ಇದೆ. ಎರಡರಲ್ಲೂ ಬಿಸಿ ಮಾಡಿದ ಗೊಂಬೆಯನ್ನು ಬ್ಯಾಗಿನೊಳಗೆ ಮ್ಯಾಟ್ ಮೇಲೆ ಮಲಗಿಸಿ, ಬ್ಯಾಗನ್ನು ಮುಚ್ಚಿ ಅಳೆಯುತ್ತಾರೆ. ‘ಕಂಫರ್ಟ್’ ಅನ್ನುವ ಅಂಕಿ ಮೈ ಸಡಿಲ ಬಿಟ್ಟು ಮಲಗಿದ ಹೆಂಗಸಿಗೆ. ‘ಲಿಮಿಟ್’ ಅನ್ನುವುದು ಮುದುಡಿ ಮಲಗಿದ ಗಂಡಸಿಗೆ. ಹುಡ್ ಕತ್ತರಿಸಿ, ಒಂದು ಬದಿ ತೆರೆದ ಕ್ಷಣ ಆ ಎರಡೂ ಅಂಕಿ ನಿಮ್ಮ ಬ್ಯಾಗಿಗೆ ಸೇರಿದ್ದಲ್ಲ.

ನಾನೂ ಒಮ್ಮೆ ಕ್ವಿಲ್ಟ್ ಮಾಡಿಕೊಂಡು ಹೋಗಿದ್ದೆ. ರಾತ್ರಿ ಮಗ್ಗುಲು ಬದಲಿಸಿದಾಗಲೆಲ್ಲ ಬೆನ್ನಿಗೆ ತಣ್ಣನೆ ಗಾಳಿ ಬಡಿಯುತ್ತಿತ್ತು. ಬೆಳಗಿನ ಜಾವ ಮೂರರಿಂದ ಕೂತೇ ಇದ್ದೆ. ಮುನ್ನೂರು ಗ್ರಾಂ ಉಳಿಸಲು ಹೋಗಿ ಒಂದು ರಾತ್ರಿಯ ನಿದ್ದೆ ಹೋಯಿತು. ಮರುದಿನದ ನಡಿಗೆಯೂ ಕೆಟ್ಟಿತು.

ಸೂಜಿಮೊನೆ
ಹಿಮಗಾಳಿ ಅವರೇ, ನಿಮ್ಮ ಕ್ವಿಲ್ಟ್ ಎಷ್ಟು ಅಗಲ ಇತ್ತು? ಮ್ಯಾಟಿಗೆ ಕಟ್ಟಲು ಎಲಾಸ್ಟಿಕ್ ಇತ್ತಾ?

ಹಿಮಗಾಳಿ
ಭುಜದ ಹತ್ತಿರ 115 ಸೆಂ.ಮೀ. ಬೆನ್ನಿನಡಿಯ ಪಟ್ಟಿಯನ್ನು ಪೂರ್ತಿ ಕತ್ತರಿಸಿದ್ದೆ. ಎಲಾಸ್ಟಿಕ್ ಇರಲಿಲ್ಲ.

ಸೂಜಿಮೊನೆ
ಗಾಳಿ ನುಗ್ಗಿದ್ದು ಅದಕ್ಕೇ. ಅಂಗಡಿಯಲ್ಲಿ ಸಿಗುವ ಕ್ವಿಲ್ಟ್‌ಗಳು ಭುಜದ ಹತ್ತಿರ ಹೆಚ್ಚಾಗಿ 130ರಿಂದ 145 ಸೆಂ.ಮೀ. ಅಗಲ ಇರುತ್ತವೆ. ಮಮ್ಮಿ ಬ್ಯಾಗಿನ ಭುಜದ ಸುತ್ತಳತೆ ಸುಮಾರು 155-160. ಜಿಪ್ ಪಟ್ಟಿ ತೆಗೆದ ಮೇಲೂ ಬೇಕಾದಷ್ಟು ಅಗಲ ಉಳಿಯುತ್ತದೆ. ಹಾಗಾಗಿ ಹಗುರಹೆಜ್ಜೆ ಅವರೇ, ಬೆನ್ನಿನಡಿಯ ಭಾಗ ಕತ್ತರಿಸಬೇಡಿ. ಎರಡೂ ಅಂಚು ಮೈಯಡಿ ಸೇರಿಸಿಕೊಂಡು, ಮ್ಯಾಟ್ ಸುತ್ತ ಎರಡು ಎಲಾಸ್ಟಿಕ್ ಹಾಕಿದರೆ ಹೊರಳಾಡಿದರೂ ಬೆನ್ನು ತೆರೆದುಕೊಳ್ಳುವುದಿಲ್ಲ.

ಇಬ್ಬನಿ
ನನ್ನದು ಡೌನ್ ಅಲ್ಲ, ಸಿಂಥೆಟಿಕ್. ಹತ್ತು ವರ್ಷ ಹಳೆಯದು, 1,900 ಗ್ರಾಂ. ತೊಳೆದರೆ ಇದೂ ಉಬ್ಬುತ್ತಾ?

ನಾಲ್ಕನೇ ಗುಡಾರ
ಇಲ್ಲ ಇಬ್ಬನಿ ಅವರೇ. ಸಿಂಥೆಟಿಕ್ ನೂಲು ಪದೇಪದೇ ಒತ್ತಿ ಒತ್ತಿ ಮುರಿದುಹೋಗಿರುತ್ತದೆ. ತೊಳೆದರೆ ಸ್ವಚ್ಛವಾಗುತ್ತದೆ, ಹೋದ ದಪ್ಪ ವಾಪಸ್ ಬರುವುದಿಲ್ಲ. ಆದರೆ ಕತ್ತರಿ ಕಲಿಯಲು ಇದಕ್ಕಿಂತ ಒಳ್ಳೆಯ ಬ್ಯಾಗ್ ಇಲ್ಲ. ಒಳಗಿರುವುದು ಹಾಳೆಯಂಥ ಪದರ, ಪುಕ್ಕದ ಹಾಗೆ ಹಾರುವುದಿಲ್ಲ. ಕತ್ತರಿಸಿ, ಅಂಚು ಮಡಿಸಿ ಹೊಲಿದರೆ ಮುಗಿಯಿತು. ಬೇಸಿಗೆಗೆ ತೆಳು ಹೊದಿಕೆಯಾಗುತ್ತದೆ. ಚಳಿಗಾಲದಲ್ಲಿ ಡೌನ್ ಬ್ಯಾಗಿನ ಮೇಲೆ ಹೊದೆಯಬಹುದು. ಇದು ನನಗೆ ತುಂಬಾ ಇಷ್ಟವಾದ ಉಪಯೋಗ. ಮೈಯಿಂದ ಹೊರಟ ಹಬೆ ಹೊರಗಿನ ತಣ್ಣನೆ ಪದರದಲ್ಲಿ ನೀರಾಗುತ್ತದೆ. ಆ ಪದರ ಸಿಂಥೆಟಿಕ್ ಆಗಿದ್ದರೆ ಒಳಗಿನ ಪುಕ್ಕ ಒಣಗಿರುತ್ತದೆ.

ಹಗುರಹೆಜ್ಜೆ
ಚೀಲ 190 ಗ್ರಾಂ ಇತ್ತು! ಬ್ಯಾಗ್ ಮಾತ್ರ 1,450. ತೊಳೆದು ಒಣಗಿಸಿದೆ. ಎಷ್ಟು ಉಬ್ಬಿದೆ ಅಂದರೆ ನಂಬಲಾಗುತ್ತಿಲ್ಲ, ಹೊಸದರಲ್ಲಿ ಇದ್ದ ಹಾಗೇ ಕಾಣುತ್ತದೆ. ಬಟ್ಟೆಯೂ ಗಟ್ಟಿ ಇದೆ. ಈಗ ಜಿಪ್ ಹೇಗೆ ತೆಗೆಯಲಿ? ಹುಡ್ ಬಗ್ಗೆ ಹಿಮಗಾಳಿ ಅವರ ಮಾತು ಮನಸ್ಸಿನಲ್ಲಿ ಕೂತಿದೆ.

ನಾಲ್ಕನೇ ಗುಡಾರ
ಹುಡ್ ತೆಗೆಯಿರಿ, ತಲೆಗೆ ಬೇರೆ ಡೌನ್ ಟೋಪಿ ಹಾಕಿ ಅನ್ನುವವನು ನಾನು. ಮಗ್ಗುಲಾಗಿ ಮಲಗುವವರು ಹೊರಳಿದಾಗ ಹುಡ್ ಜೊತೆಗೆ ತಿರುಗುವುದಿಲ್ಲ. ಬಾಯಿ, ಮೂಗು ಹುಡ್ ಒಳಗೇ ಸಿಕ್ಕಿಕೊಂಡು ಉಸಿರಿನ ತೇವ ಪುಕ್ಕಕ್ಕೆ ಹೋಗುತ್ತದೆ. ಟೋಪಿ ತಲೆಯ ಜೊತೆ ತಿರುಗುತ್ತದೆ. ಸಂಜೆ ಅಡುಗೆ ಮಾಡುವಾಗಲೂ ಹಾಕಿಕೊಳ್ಳಬಹುದು.

ಹಿಮಗಾಳಿ
ಅಂಗಾತ ಮಲಗುವವರಿಗೆ ಈ ಮಾತು ಹೊಂದುವುದಿಲ್ಲ. ಟೋಪಿ ಹಾಕಿದರೂ ಕುತ್ತಿಗೆ ಹತ್ತಿರ ಸಂದು ಉಳಿಯುತ್ತದೆ. ಹುಡ್ ತೆಗೆದರೆ ಕುತ್ತಿಗೆಯ ಅಂಚಿಗೆ ಲಾಡಿ ಇರಲೇಬೇಕು.

ಸೂಜಿಮೊನೆ
ಇದನ್ನು ನಾನೂ ಒಪ್ಪುತ್ತೇನೆ. ಲಾಡಿ ಇಲ್ಲದೆ ಹುಡ್ ತೆಗೆಯಬೇಡಿ.

ಈಗ ಜಿಪ್. ಕತ್ತರಿಸಬೇಡಿ, ಹೊಲಿಗೆ ಬಿಚ್ಚಿ. ಬಿಚ್ಚುವ ಮೊದಲು ಜಿಪ್ಪಿನಿಂದ ಒಂದೂವರೆ ಸೆಂ.ಮೀ. ಒಳಗೆ ಉದ್ದಕ್ಕೂ ಒಂದು ಹೊಲಿಗೆ ಹಾಕಿ. ಅಡ್ಡಡ್ಡ ಪುಕ್ಕದ ಪಟ್ಟಿಗಳು ಇವೆಯಲ್ಲ, ಅವುಗಳ ಬಾಯಿ ಅಲ್ಲೇ ಇರುವುದು. ಈ ಹೊಲಿಗೆ ಅವೆಲ್ಲಕ್ಕೂ ಬಾಗಿಲು. ಹುಡ್ ಕತ್ತರಿಸುವ ಕಡೆ ಎರಡು ಸಾಲು ಹೊಲಿಗೆ ಬೇಕು, ನಡುವೆ ಒಂದು ಸೆಂ.ಮೀ. ಜಾಗ. ಅದಕ್ಕೂ ಮೊದಲು ಪುಕ್ಕವನ್ನು ಬೆರಳಿನಿಂದ ಎರಡೂ ಕಡೆ ಸರಿಸಿ, ಕೈಯಲ್ಲೇ ಕಚ್ಚಾ ಹೊಲಿಗೆ ಹಾಕಿಕೊಳ್ಳಿ. ಆಮೇಲೆ ಎರಡು ಸಾಲಿನ ಮಧ್ಯೆ ಕತ್ತರಿಸಿ, ಅಂಚು ಮಡಿಸಿ ಹೊಲಿಯಿರಿ.

70ನೇ ನಂಬರಿನ ಹೊಸ ಸೂಜಿ ಸಾಕು. ದಪ್ಪ ಸೂಜಿಯ ತೂತಿನಿಂದ ಪುಕ್ಕ ಇಣುಕುತ್ತದೆ. ದಾರ ಪಾಲಿಯೆಸ್ಟರ್ ಇರಲಿ, ಹತ್ತಿ ಬೇಡ, ತೇವಕ್ಕೆ ಬೇಗ ಸವೆಯುತ್ತದೆ. ಹೊಲಿಗೆ ಮೂರು ಮಿ.ಮೀ. ಉದ್ದ ಇರಲಿ, ಒತ್ತಾಗಿ ಹಾಕಿದರೆ ತೂತು ಜಾಸ್ತಿ. ಗುಂಡುಸೂಜಿ ಬದಲು ಕ್ಲಿಪ್ ಬಳಸಿ. ಫ್ಯಾನ್ ಆಫ್ ಮಾಡಿ, ಕಿಟಕಿ ಮುಚ್ಚಿ.

ಕೊನೆಗೆ ಪಾದದಿಂದ ಮೊಣಕಾಲಿನವರೆಗೆ ಎರಡೂ ಅಂಚು ಸೇರಿಸಿ ಹೊಲಿದುಬಿಡಿ. ಕಾಲಿಗೆ ಗೂಡು ಸಿಗುತ್ತದೆ.

ಇಬ್ಬನಿ
ನನಗೆ ನಡುರಾತ್ರಿ ಸೆಕೆಯಾಗುತ್ತದೆ. ಜಿಪ್ ಪೂರ್ತಿ ಹೋದರೆ ಕಷ್ಟ ಅಲ್ವಾ?

ನಾಲ್ಕನೇ ಗುಡಾರ
ಕ್ವಿಲ್ಟ್ ಆದರೆ ಒಂದು ಕಾಲು ಹೊರಗೆ ಚಾಚಿದರೆ ಆಯಿತು. ಬ್ಯಾಗಾಗಿಯೇ ಉಳಿಸಿಕೊಳ್ಳುವವರು ಭುಜದಿಂದ 60 ಸೆಂ.ಮೀ.ನಷ್ಟು ಸಣ್ಣ ಜಿಪ್ ಹಾಕಿಸಿ, ಉಳಿದದ್ದನ್ನು ಹೊಲಿದು ಮುಚ್ಚಬಹುದು. ಜಿಪ್ಪಿನ ತೂಕ ಅರ್ಧವಾದರೂ ಇಳಿಯುತ್ತದೆ.

ಏನನ್ನೂ ಕತ್ತರಿಸದೆ ಮಾಡಬಹುದಾದ ಒಂದು ಕೆಲಸವನ್ನು ಯಾರೂ ಹೇಳಲಿಲ್ಲ. ಕೆಲವು ಬ್ಯಾಗ್‌ಗಳಲ್ಲಿ ಅಡ್ಡ ಪಟ್ಟಿ ಎದೆಯ ಕಡೆಯಿಂದ ಬೆನ್ನಿನ ಕಡೆಯವರೆಗೆ ತಡೆಯಿಲ್ಲದೆ ಸುತ್ತುತ್ತದೆ. ಅಂಥದ್ದಾದರೆ ಮೆಲ್ಲಗೆ ತಟ್ಟುತ್ತಾ ಬೆನ್ನಿನ ಕಡೆಯ ಪುಕ್ಕವನ್ನು ಎದೆಯ ಕಡೆಗೆ ಸಾಗಿಸಬಹುದು. ಅಷ್ಟೇ ತೂಕಕ್ಕೆ ಮೇಲ್ಭಾಗ ಇನ್ನೂ ಬೆಚ್ಚಗಾಗುತ್ತದೆ.

ಹಗುರಹೆಜ್ಜೆ
ಎರಡು ಭಾನುವಾರ ಹಿಡಿಯಿತು. ಮುಗಿಯಿತು! ಜಿಪ್ ಮತ್ತು ಅದರ ಹಿಂದಿನ ಗಾಳಿ ತಡೆಯುವ ಕೊಳವೆ ಸೇರಿ 180 ಗ್ರಾಂ, ಹುಡ್ 140. ಲಾಡಿ, ಎಲಾಸ್ಟಿಕ್ ಸೇರಿಸಿದ್ದು 20. ಈಗ 1,150 ಗ್ರಾಂ. ತೆಳು ಚೀಲ 30. ಹೊರುವ ತೂಕ 1,640ರಿಂದ 1,180ಕ್ಕೆ ಬಂತು. ನನ್ನದರಲ್ಲಿ ಪಟ್ಟಿಗೆ ತಡೆ ಇರಲಿಲ್ಲ, ಹಾಗಾಗಿ ಪುಕ್ಕವನ್ನೂ ಮೇಲಕ್ಕೆ ಸಾಗಿಸಿದೆ.

ಹಿಮಗಾಳಿ
ಕೆಲಸ ಚೆನ್ನಾಗಿ ಬಂದಿದೆ ಅನ್ನಿಸುತ್ತದೆ, ಖುಷಿಯಾಯಿತು. ಒಂದು ಬೇಡಿಕೆ. ಮೊದಲ ರಾತ್ರಿ ದೂರದ ಬೆಟ್ಟದಲ್ಲಿ ಬೇಡ. ಎದ್ದು ಮನೆಯೊಳಗೆ ಬರಬಹುದಾದ ಕಡೆ ಮಲಗಿ ನೋಡಿ. ಜೊತೆಗೆ ದಪ್ಪ ಜಾಕೆಟ್ ಇರಲಿ. ಎಷ್ಟು ಡಿಗ್ರಿಗೆ ಚಳಿ ಶುರುವಾಯಿತು ಅಂತ ಬರೆದಿಡಿ. ನಿಮ್ಮ ಬ್ಯಾಗಿನ ಹೊಸ ಲೇಬಲ್ ಅದೇ.

ಹಗುರಹೆಜ್ಜೆ
ಖಂಡಿತ. ಈ ಶನಿವಾರ ತಾರಸಿಯ ಮೇಲೆ ಮಲಗುತ್ತೇನೆ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟುಕೊಂಡು. ಕತ್ತರಿಸಿದ ಹುಡ್ ಎಸೆದಿಲ್ಲ. ಅದರ ಕೆಳಗಿನ ಅಂಚಿಗೆ ಎಲಾಸ್ಟಿಕ್ ಸೇರಿಸಿ ಟೋಪಿ ಮಾಡಲು ಕೂತಿದ್ದೇನೆ. ಗಲ್ಲದ ಕೆಳಗೆ ಸ್ವಲ್ಪ ದೊಗಳೆ ಆಗುತ್ತಿದೆ. ಸೂಜಿಮೊನೆ ಅವರೇ, ಅಲ್ಲಿ ನೆರಿಗೆ ಹಿಡಿಯಲಾ, ಇಲ್ಲ ಒಂದು ತುಂಡು ತೆಗೆದುಬಿಡಲಾ?

ಸೂಜಿಮೊನೆ
ನೆರಿಗೆ ಹಿಡಿಯಿರಿ. ತುಂಡು ತೆಗೆಯುವುದನ್ನು ಶನಿವಾರ ಕಳೆದ ಮೇಲೆ ನೋಡೋಣ.