ಡ್ರೂಯಿಡರು ಬರೆದಿಡಲಿಲ್ಲವಾದರೆ ಕೆಲ್ಟರ ನಂಬಿಕೆ ನಮಗೆ ತಿಳಿದದ್ದು ಹೇಗೆ?

ಪ್ರಶ್ನೆ: ಕೆಲ್ಟರು ಗಾಲ್ (ಇಂದಿನ ಫ್ರಾನ್ಸಿನ ಸುತ್ತಲಿನ ನಾಡು) ಮತ್ತು ಬ್ರಿಟನ್‌ನಲ್ಲಿದ್ದ ಪ್ರಾಚೀನ ಜನ. ಗಾಲ್ ಯುದ್ಧದ ಬಗ್ಗೆ ರೋಮನ್ ಸೇನಾಪತಿ ಜೂಲಿಯಸ್ ಸೀಸರ್ ಬರೆದದ್ದನ್ನು ಓದುತ್ತಿದ್ದೇನೆ. ಅವರ ಡ್ರೂಯಿಡ್ ಪುರೋಹಿತರಾಗಲು ಕೆಲವರು 20 ವರ್ಷ ಪದ್ಯಗಳನ್ನು ಬಾಯಿಪಾಠ ಮಾಡುತ್ತಿದ್ದರಂತೆ. ಲೆಕ್ಕಪತ್ರಕ್ಕೆ ಗ್ರೀಕ್ ಲಿಪಿ ಇತ್ತು, ಈ ವಿದ್ಯೆಯನ್ನು ಮಾತ್ರ ಬರೆಯುವಂತಿರಲಿಲ್ಲ. ಹಾಗಾದರೆ ನಮಗೆ ಉಳಿದಿರುವುದು ಶತ್ರುಗಳಾದ ರೋಮನ್ನರ ಮಾತಷ್ಟೇ ಅಲ್ಲವೇ?

ಉತ್ತರ 1: ಅಷ್ಟೇ ಅಲ್ಲ. ನಾನಿರುವುದು ವೇಲ್ಸ್‌ನಲ್ಲಿ. ಇಲ್ಲಿನ ಆಂಗಲ್ಸೀ ದ್ವೀಪದ ಲಿನ್ ಕೆರಿಗ್ ಬಾಖ್ ಎಂಬ ಪುಟ್ಟ ಕೆರೆಯ ಕಥೆ ಕೇಳಿ. 1942ರಲ್ಲಿ ವಾಯುಪಡೆಯ ನೆಲೆ ಕಟ್ಟುವಾಗ ಅದರ ಅಂಚಿನ ಜೌಗು ಮಣ್ಣನ್ನು ಅಗೆದರು. ಮಣ್ಣಿನೊಂದಿಗೆ ಬಂದ ಕಬ್ಬಿಣದ ಸರಪಳಿಯೊಂದನ್ನು ಟ್ರ್ಯಾಕ್ಟರ್‌ಗೆ ಬಿಗಿದು, ಕೆಸರಿನಲ್ಲಿ ಹೂತಿದ್ದ ಲಾರಿಗಳನ್ನು ಎಳೆದರು. ಸುಮಾರು 2000 ವರ್ಷದ ಸರಪಳಿ ಅದು! ಅದರಲ್ಲಿ ಸಾಲಾಗಿ ಕೊರಳ ಬಳೆಗಳಿವೆ. ಸೆರೆಯಾಳುಗಳನ್ನು ಒಬ್ಬರ ಹಿಂದೊಬ್ಬರಂತೆ ನಡೆಸಿಕೊಂಡು ಹೋಗಲು ಮಾಡಿದ್ದು. ಜೊತೆಗೆ ಕತ್ತಿ, ಈಟಿ, ರಥಚಕ್ರದ ಪಟ್ಟಿಗಳು, ಪ್ರಾಣಿಗಳ ಮೂಳೆಗಳು ಸಿಕ್ಕವು; ಲೋಹದ ವಸ್ತುಗಳೇ 150ಕ್ಕೂ ಹೆಚ್ಚು. ಕೆಲವು ಆಯುಧಗಳನ್ನು ಬೇಕೆಂದೇ ಬಗ್ಗಿಸಿ ನೀರಿಗೆ ಹಾಕಿದ್ದಾರೆ. ಕೈಜಾರಿ ಬಿದ್ದ ವಸ್ತು ಬಗ್ಗಿರುವುದಿಲ್ಲ. ಇದು ದೇವರಿಗೆ ಒಪ್ಪಿಸಿದ್ದು, ಮತ್ತೆ ಯಾರ ಕೈಗೂ ಒದಗಬಾರದೆಂದು ಮುರಿದದ್ದು. ಇದೇ ದ್ವೀಪಕ್ಕೆ ಕ್ರಿ.ಶ. 60ರ ಸುಮಾರಿಗೆ ರೋಮನ್ ಸೈನ್ಯ ನುಗ್ಗಿ ಡ್ರೂಯಿಡರ ಪವಿತ್ರ ವನಗಳನ್ನು ಕಡಿದುಹಾಕಿತೆಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಅವನ ಮಾತಿಗಿಂತ ನನಗೆ ಆ ಬಗ್ಗಿದ ಕತ್ತಿಗಳ ಮೇಲೆಯೇ ಹೆಚ್ಚು ನಂಬಿಕೆ.

ಉತ್ತರ 2: ಬರಹವೂ ಇದೆ. ಫ್ರಾನ್ಸಿನ ಕೊಲಿನಿಯಲ್ಲಿ 1897ರಲ್ಲಿ ಸಿಕ್ಕ ಕಂಚಿನ ಪಂಚಾಂಗ ಗಾಲ್ ಜನರ ಗಾಲಿಷ್ ಭಾಷೆಯಲ್ಲಿದೆ, ಲಿಪಿ ಲ್ಯಾಟಿನ್. ಐದು ವರ್ಷಕ್ಕೆ 62 ತಿಂಗಳು. ಅವುಗಳಲ್ಲಿ ಎರಡು ಅಧಿಕ ಮಾಸ. ರೋಮನ್ನರ ಆಳ್ವಿಕೆ ಬಂದ ಮೇಲೂ ಚಂದ್ರನ ಲೆಕ್ಕವನ್ನು ಯಾರೋ ಬಿಟ್ಟುಕೊಟ್ಟಿರಲಿಲ್ಲ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದ. ಕೊರಳ ಸರಪಳಿ ಇತ್ತೆಂದರೆ ಕೆಲ್ಟರಲ್ಲೂ ಗುಲಾಮಗಿರಿ ಇತ್ತೇ? ಕಾಡು, ಮರ ಪೂಜಿಸುತ್ತಾ ಸ್ವತಂತ್ರವಾಗಿ ಬದುಕಿದವರೆಂದು ತಿಳಿದಿದ್ದೆ.

ಉತ್ತರ 1: ಖಂಡಿತ ಇತ್ತು. ಗಾಲ್‌ನಲ್ಲಿ ಲೆಕ್ಕಕ್ಕಿದ್ದವರು ಡ್ರೂಯಿಡರು ಮತ್ತು ಕುದುರೆ ಸವಾರ ಶ್ರೀಮಂತರು ಮಾತ್ರ, ಸಾಮಾನ್ಯರ ಪಾಡು ಹೆಚ್ಚುಕಡಿಮೆ ಗುಲಾಮರದೇ ಎಂದು ಸೀಸರನೇ ಹೇಳುತ್ತಾನೆ. ಗಾಲ್‌ನವರು ಒಂದು ಜಾಡಿ ದ್ರಾಕ್ಷಾರಸಕ್ಕೆ ಇಟಲಿಯ ವ್ಯಾಪಾರಿಗಳಿಗೆ ಒಬ್ಬ ಆಳನ್ನೇ ಕೊಡುತ್ತಿದ್ದರೆಂದು ಗ್ರೀಕ್ ಇತಿಹಾಸಕಾರ ಡಯೋಡೋರಸ್ ಬರೆದಿದ್ದಾನೆ. ಮರಗಳನ್ನು ಪೂಜಿಸಿದ್ದೂ ನಿಜ, ಮನುಷ್ಯರನ್ನು ಮಾರಿದ್ದೂ ನಿಜ. ಸೀಸರನ ಪುಸ್ತಕದ ಆರನೆಯ ಭಾಗದಲ್ಲಿ ಡ್ರೂಯಿಡರ ವಿಷಯ ಬರುವುದಕ್ಕೆ ಸ್ವಲ್ಪ ಮೊದಲೇ ಸಾಮಾನ್ಯರ ಪಾಡಿನ ಮಾತಿದೆ, ಅಲ್ಲಿಂದಲೇ ಓದಿ.