ತಡೆಗೋಡೆ ಬಂದ ಮೇಲೆ ಹೊಳೆಯ ಕವಲು ಯಾಕೆ ಹೂತು ಹೋಗುತ್ತಿದೆ?

ಧಾರವಾಡದಿಂದ ಪುಣೆಗೆ:
ನಮ್ಮ ಸೊಸೈಟಿ ಮುಠಾ ಹೊಳೆಯ ದಂಡೆಗೆ ಹತ್ತಿರ. ಹಿಂದುಗಡೆ ಹೊಳೆಯಿಂದ ಒಂದು ಕವಲು ಒಡೆದು, ಸಣ್ಣ ನಡುಗಡ್ಡೆ ಬಳಸಿ, ಅರ್ಧ ಕಿಲೋಮೀಟರ್ ಕೆಳಗೆ ಮತ್ತೆ ಹೊಳೆ ಸೇರುತ್ತದೆ. ಸೇರುತ್ತಿತ್ತು ಅನ್ನಬೇಕು. ಎರಡು ವರ್ಷದ ಹಿಂದೆ ತಡೆಗೋಡೆ ಕೆಲಸ ಶುರುವಾದಾಗ ಲಾರಿ ಓಡಾಡಲು ಕವಲಿನ ಬಾಯಿಗೇ ಮುರುಮ್ (ಗರಸು ಮಣ್ಣು) ಸುರಿದು ದಾರಿ ಮಾಡಿದರು, ಅಡಿಯಲ್ಲಿ ಮೂರು ಸಿಮೆಂಟ್ ಪೈಪ್ ಇಟ್ಟರು. ಮೊದಲ ಮಳೆಗೇ ಎರಡು ಪೈಪ್ ಪ್ಲಾಸ್ಟಿಕ್, ಜಲಕುಂಭಿ ಕಳೆ ಸಿಕ್ಕಿ ಕಟ್ಟಿಕೊಂಡವು. ಈಗ ಮೊಣಕಾಲುದ್ದ ಹೂಳು, ಮೇಲೆ ಹುಲ್ಲು. ಮಗಳು ಏಡಿ ಹುಡುಕುತ್ತಿದ್ದ ಬಂಡೆ ಕಾಣುವುದೇ ಇಲ್ಲ. ವಿಚಿತ್ರ ಅಂದರೆ ಹೊಳೆ ತುಂಬಿದಾಗ ಕೆಳಗಿನ ತುದಿಯಿಂದ ನೀರು ಹಿಂದಕ್ಕೆ ಏರಿ ಬರುತ್ತದೆ. ಕೆಲಸ ಮುಗಿದ ಮೇಲೆ ಸರಿ ಹೋಗುತ್ತದಾ?

ನಿವೃತ್ತ ನೀರಾವರಿ:
ತಾನಾಗಿ ಹೋಗುವುದಿಲ್ಲ. ನೀರು ಹೂಳನ್ನು ಹೊರುವುದು ಓಟದ ಬಲದಿಂದ. ಬಾಯಿ ಕಿರಿದಾದರೆ ಕವಲಿನೊಳಗೆ ಓಟ ಸತ್ತು, ಹೊರೆ ಅಲ್ಲೇ ಇಳಿಯುತ್ತದೆ, ಅದೂ ಮೊದಲು ಬಾಯಿಯ ಹತ್ತಿರವೇ. ಅದರ ಮೇಲೆ ಹುಲ್ಲು ಬೇರು ಬಿಟ್ಟರೆ ಮುಂದಿನ ಹೂಳನ್ನು ಅದೇ ಹಿಡಿದಿಡುತ್ತದೆ. ಮೇಲಿನ ಬಾಯಿ ಮುಚ್ಚಿ ಕೆಳಗಿನದು ತೆರೆದಿದ್ದರೆ ನೀರು ಹಿಂದಿನಿಂದ ಬರಲೇಬೇಕಲ್ವಾ? ಬಂದದ್ದು ನಿಲ್ಲುತ್ತದೆ, ಕೆಸರು ಬಿಟ್ಟು ಹೋಗುತ್ತದೆ.

ಇನ್ನೊಂದು ಮಾತು. ಗೋಡೆಗಳ ನಡುವೆ ಇರುಕಾದ ಹೊಳೆ ಜೋರಾಗಿ ಓಡುತ್ತದೆ. ತಳ ಮಣ್ಣು, ಮರಳು ಇದ್ದ ಕಡೆ ಕೊರೆದು ಆಳವಾಗುತ್ತದೆ, ಆಗ ಕವಲಿನ ಬಾಯಿ ಎತ್ತರದಲ್ಲೇ ಉಳಿದು ಸಣ್ಣ ನೆರೆಗೆ ನೀರು ಹತ್ತುವುದಿಲ್ಲ. ಪುಣೆಯಲ್ಲಿ ಬಸಾಲ್ಟ್ ಬಂಡೆ ಇರುವ ಕಡೆ ಕೊರೆಯಲು ಆಗದೆ ನೀರಿನ ಮಟ್ಟವೇ ಏರುತ್ತದೆ. ಮೇಲಾಗಿ ಮುಠಾಗೆ ದೊಡ್ಡ ನೀರು ಬರುವುದು ಮೇಲಿನ ಖಡಕ್‌ವಾಸ್ಲಾ ಅಣೆಕಟ್ಟಿನಿಂದ ಬಿಟ್ಟಾಗ ಮಾತ್ರ. ಆ ನಾಲ್ಕು ದಿನ ತೊಳೆಯದಿದ್ದರೆ ವರ್ಷವಿಡೀ ತೊಳೆಯುವವರಿಲ್ಲ.

ಸಿಂಹಗಡ ರೋಡ್:
ಎಲ್ಲರೂ ಸುಮ್ನೆ ಗೋಡೆಯನ್ನೇ ಬೈಯಬೇಡಿ. 2024ರ ಜುಲೈ 25ರಂದು ಏಕತಾ ನಗರಿಯಲ್ಲಿ ಮನೆಯೊಳಗೆ ನೀರು ನುಗ್ಗಿತಲ್ಲ, ಅವರನ್ನು ಕೇಳಿ. 1961ರಲ್ಲಿ ಪಾನ್‌ಶೆತ್ ಅಣೆಕಟ್ಟು ಒಡೆದದ್ದನ್ನು ನಮ್ಮಜ್ಜಿ ಸಾಯುವವರೆಗೂ ಹೇಳುತ್ತಿದ್ದರು.

ವಾಕೋಲಾದವ:
ಮುಂಬೈ ಅನುಭವ ಹೇಳುತ್ತೇನೆ. 2005ರ ಜುಲೈ 26ಕ್ಕೆ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ. ಆಮೇಲೆ ಮೀಠಿ ಹೊಳೆಯನ್ನು ಅಗಲ ಮಾಡಿ, ಆಳ ಮಾಡಿ, ಗೋಡೆ ಕಟ್ಟಿದರು. ಗೋಡೆ ಹೊರಗಿನ ನೀರನ್ನು ತಡೆಯುತ್ತದೆ, ನಿಜ. ನಮ್ಮ ಗಲ್ಲಿಯಲ್ಲೇ ಬಿದ್ದ ಮಳೆ ಎಲ್ಲಿಗೆ ಹೋಗಬೇಕು? ಸಮುದ್ರಕ್ಕೆ ಭರತ ಬಂದ ಹೊತ್ತಲ್ಲಿ ಗೋಡೆಯೊಳಗಿನ ಮೋರಿಗಳು ಹೊಳೆಗೆ ಬಿಡಲಾರವು. ನಿಮ್ಮ ಕವಲಿಗೆ ಎಷ್ಟು ಮೋರಿ ಸೇರುತ್ತವೆ ಎಣಿಸಿ. ಕವಲು ಮುಚ್ಚಿದರೆ ಆ ನೀರೆಲ್ಲ ನಿಮ್ಮ ಪಾರ್ಕಿಂಗ್‌ಗೇ.

ನಿವೃತ್ತ ನೀರಾವರಿ:
ಸಿಂಹಗಡ ರೋಡ್‌ನವರೇ, ಗೋಡೆ ಬೇಡ ಅನ್ನುತ್ತಿಲ್ಲ. ನೆದರ್ಲೆಂಡ್ಸ್‌ನ ನೈಮೇಖನ್‌ನಲ್ಲಿ ವಾಲ್ ನದಿಯ ಒಡ್ಡನ್ನು ಸುಮಾರು 350 ಮೀಟರ್ ಹಿಂದಕ್ಕೆ ಸರಿಸಿ, ಆ ಜಾಗದಲ್ಲಿ ಹೊಸ ಕವಲನ್ನೇ ತೋಡಿದರು. ನೆರೆ ಬಂದಾಗ ನದಿಗೆ ಅದು ಇನ್ನೊಂದು ದಾರಿ. ಇಲ್ಲಿ ಅಷ್ಟು ಜಾಗವಿಲ್ಲ, ಒಪ್ಪಿದೆ. ದೇವರು ಕೊಟ್ಟ ಕವಲನ್ನಾದರೂ ಮುಚ್ಚಬೇಡಿ ಅಂತ ಅಷ್ಟೇ. ಧಾರವಾಡದವರು ಒಂದು ನೋಡಿ: ಪೈಪಿನ ತಳ ಎಲ್ಲಿದೆ, ಕವಲಿನ ಹಳೆಯ ತಳ ಎಲ್ಲಿದೆ? ಅದು ಎಲ್ಲಕ್ಕಿಂತ ಮುಖ್ಯ. ಕೆಲಸ ಮುಗಿದಾಗ ಮುರುಮನ್ನು ಪೂರ್ತಿ ಕೀಳಬೇಕು, ಮೇಲಿನ ಒಂದಡಿ ಕೆರೆದು ಕೈತೊಳೆದುಕೊಳ್ಳುವ ಚಾಳಿ ಜಾಸ್ತಿ.

ಇಂಡಿ ಭೀಮಾತೀರ:
ನಿಮ್ಮ ಮುಠಾ ನೀರು ಉಜನಿ ಅಣೆಕಟ್ಟು ದಾಟಿ ಕಡೆಗೆ ನಮ್ಮೂರಿಗೇ ಬರುತ್ತದೆ. ಸ್ವಲ್ಪ ನಿಧಾನಕ್ಕೆ ಬಿಡಿ ಮಾರಾಯರೆ.

ಧಾರವಾಡದಿಂದ ಪುಣೆಗೆ:
ಭಾನುವಾರ ಉದ್ದ ಕೋಲು ಹಿಡಿದು ಇಳಿದೆ. ಹೂಳಿಗೆ ಚುಚ್ಚಿದರೆ ಕಲ್ಲು ತಾಗುವುದು ಪೈಪಿನ ತಳಕ್ಕಿಂತ ಒಂದೂವರೆ ಅಡಿ ಕೆಳಗೆ. ಅಂದರೆ ಪೈಪ್ ಕಟ್ಟಿಕೊಳ್ಳದಿದ್ದರೂ ಬೇಸಿಗೆಯ ನೀರು ಒಳಗೆ ಬರುತ್ತಿರಲಿಲ್ಲ! ಕೋಲಿನ ಜೊತೆಗೇ ಫೋಟೊ ತೆಗೆದಿದ್ದೇನೆ, ಮೋರಿ ಎಣಿಸಿದೆ, ನಾಲ್ಕಿವೆ. ಸೊಸೈಟಿ ಮೀಟಿಂಗ್ ಶನಿವಾರ.